ಇಬ್ಬರು ಮೇಷ್ಟ್ರು, ಒಂದು ಬೈಂಡಿಂಗು

ಬೈಂಡರ್‌ಗೆ ಸಂಗೀತ ಬರುತ್ತಿತ್ತು ಎಂದರೆ ಸಂಗೀತಕ್ಕೆ ಬೇಜಾರು, ಬರುತ್ತಿರಲಿಲ್ಲ ಎಂದರೆ ಬೈಂಡರ್‌ಗೆ ಬೇಜಾರು. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೇ ಹೇಳುವುದು ಮೇಲು. ಊರಿನಲ್ಲಿ ಅಚ್ಚಾದ ಸಂಗೀತದ ಪುಸ್ತಕಗಳಿಗೆಲ್ಲ ಬೆನ್ನು ಕಟ್ಟಿದವನು ಅವನೇ. ಅವುಗಳ ಒಳಗೆ ಏನಿದೆ ಎಂದು ಯಾವತ್ತೂ ನೋಡಿದವನಲ್ಲ. ಆದರೂ ಅಷ್ಟೊಂದು ಸಂಗೀತ ಕೈಮೇಲೆ ಹಾದುಹೋದ ಮೇಲೆ ಒಂದಿಷ್ಟಾದರೂ ಮೈಗೆ ಅಂಟಿಕೊಂಡಿರಲೇಬೇಕು ಎಂಬುದು ಅವನ ಗಟ್ಟಿ ನಂಬಿಕೆ. ಅಂಟಿನ ವಿಷಯದಲ್ಲಿ ಅವನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ನಡುವೆ ಉದ್ದನೆಯ ಮೇಜು, ಮೂಲೆಯಲ್ಲಿ ಕಾಗದ ಕತ್ತರಿಸುವ ಮೆಷಿನ್ನು, ಗೋಡೆಯ ಗೂಡಿನಲ್ಲಿ ರೇಡಿಯೋ. ಹೊಲಿಗೆ ಹೆಂಡತಿಯದು, ಅಂಟು ಗಂಡನದು. ಹೊಲಿಗೆ ಯಾವತ್ತೂ ತಪ್ಪಿದ್ದಿಲ್ಲ. ಅಂಟಿನ ಕಡೆಯಿಂದ ಮಾತ್ರ ಆಗಾಗ ಅನಾಹುತವಾಗುತ್ತಿತ್ತು. ಒಮ್ಮೆ ಶಾಲೆಯ ಗಣಿತದ ಪುಸ್ತಕಕ್ಕೆ ಪ್ರೇಮ ಕಾದಂಬರಿಯ ರಟ್ಟು ಹಾಕಿಬಿಟ್ಟಿದ್ದ. ಆ ವರ್ಷ ಮಕ್ಕಳು ಗಣಿತದಲ್ಲಿ ತೋರಿಸಿದ ಆಸಕ್ತಿಯನ್ನು ಶಾಲೆಯವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಇನ್ನೊಮ್ಮೆ ವಕೀಲರ ಸಂಘದ ವರದಿಯನ್ನು ತಲೆಕೆಳಗಾಗಿ ಕಟ್ಟಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

ಗಮನಿಸಿದವರು ಪ್ರೆಸ್ಸಿನ ಯಜಮಾನರೊಬ್ಬರೇ. ಬೈಂಡರ್‌ನ ಮನೆಯ ಒಲೆ ಉರಿಯುತ್ತಿದ್ದದ್ದು ಅವರ ಪ್ರೆಸ್ಸಿನ ಕೆಲಸದಿಂದ.

"ಇದೇ ಕೊನೆ," ಎಂದಿದ್ದರು ಅವರು. "ಇನ್ನೊಂದು ಸಲ ಎಡವಟ್ಟು ಮಾಡಿದ್ರೆ ನಮ್ಮ ಪ್ರೆಸ್ಸಿಂದ ನಿನ್ನ ಮನೆಗೆ ಒಂದು ಹಾಳೆ ಬರಲ್ಲ. ಆಮೇಲೆ ನೀನು ಕೈಗೆ ಕೈ ಅಂಟಿಸ್ಕೊಂಡು ಕೂತ್ಕೋ."

ಇಂಥ ಸಂದರ್ಭದಲ್ಲಿ ಬಂದದ್ದು ಇಬ್ಬರು ಸಂಗೀತದ ಮೇಷ್ಟ್ರುಗಳ ಎರಡು ಪುಸ್ತಕ.

ಈ ಇಬ್ಬರ ವಿಷಯ ಸ್ವಲ್ಪ ಹೇಳಬೇಕು. ಅಕ್ಕನ ಗಂಡ ಒಬ್ಬರು, ತಂಗಿಯ ಗಂಡ ಇನ್ನೊಬ್ಬರು. ಷಡ್ಡಕರು. ಒಂದೇ ಬೀದಿ, ಎದುರುಬದುರು ಮನೆ. ದೊಡ್ಡ ಮೇಷ್ಟ್ರು ನಿಧಾನವಾಗಿ ಹಾಡುವುದೇ ಸಂಗೀತ ಎಂದು ನಂಬಿದವರು. ಚಿಕ್ಕ ಮೇಷ್ಟ್ರಿಗೆ ವೇಗವಿಲ್ಲದ್ದು ಸಂಗೀತವೇ ಅಲ್ಲ. ಬೆನ್ನ ಹಿಂದೆ ಊರಿನವರು ಒಬ್ಬರನ್ನು ಆಮೆ ಎಂದೂ ಇನ್ನೊಬ್ಬರನ್ನು ಮಿಂಚು ಎಂದೂ ಕರೆಯುತ್ತಿದ್ದರು. ಆದರೆ ಅವರು ಹಾಡುವಾಗ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡ ಮೇಷ್ಟ್ರು ಒಂದು ಸ್ವರ ಹಿಡಿದು ನಿಂತರೆ ಕೇಳುವವರು ಉಸಿರು ಬಿಡುವುದಕ್ಕೂ ಅವರ ಅಪ್ಪಣೆ ಕಾಯುತ್ತಿದ್ದರು. ಚಿಕ್ಕ ಮೇಷ್ಟ್ರು ಹಾಡಿದರೆ ಸ್ವರಗಳು ಓಡುತ್ತಿದ್ದವು, ಆದರೆ ಒಂದರ ಕಾಲನ್ನು ಇನ್ನೊಂದು ತುಳಿದದ್ದಿಲ್ಲ. ಇಬ್ಬರೂ ದೊಡ್ಡವರು. ಇಬ್ಬರಿಗೂ ಅದು ಗೊತ್ತಿತ್ತು. ತಮ್ಮ ತಮ್ಮ ವಿಷಯದಲ್ಲಿ ಮಾತ್ರ.

ಒಂದು ಸಭೆಯಲ್ಲಿ ಶುರುವಾದ ವಾದ ಮನೆಗೆ ಬಂದು, ಊಟದ ಮೇಜಿಗೆ ಬಂದು, ಕೊನೆಗೆ ಮಾತು ನಿಂತೇ ಹೋಗಿತ್ತು. ಎಷ್ಟೋ ವರ್ಷಗಳಿಂದ ಗಂಡಂದಿರು ಮುಂಬಾಗಿಲಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಅಕ್ಕತಂಗಿಯರು ಹಿತ್ತಿಲ ಬಾಗಿಲಿನಿಂದ ಪಾತ್ರೆ ಬದಲಾಯಿಸಿಕೊಳ್ಳುತ್ತಿದ್ದರು. ಇಬ್ಬರ ಬಳಿಯೂ ಕಲಿತ ಒಬ್ಬ ಗಾಯಕಿ ಮಾತ್ರ ಎರಡೂ ಮನೆಗೆ ಮುಂಬಾಗಿಲಿನಿಂದಲೇ ಹೋಗುತ್ತಿದ್ದಳು. ಆಕೆಯ ಗಂಟಲಿಗೆ ಇಬ್ಬರೂ ಹೆದರುತ್ತಿದ್ದರು.

ಈಗ ಇಬ್ಬರೂ ತಮ್ಮ ವಾದವನ್ನು ಪುಸ್ತಕ ಮಾಡಿದ್ದರು. ಪ್ರೆಸ್ಸಿನ ಯಜಮಾನರು ಸಂಗೀತ ಸಭೆಯ ಕಾರ್ಯದರ್ಶಿಯೂ ಹೌದು. ಎರಡು ಪುಸ್ತಕ ಒಂದೇ ದಿನ ಬಿಡುಗಡೆ, ಆಮೇಲೆ ವೇದಿಕೆಯ ಮೇಲೆ ಇಬ್ಬರ ವಾದ, ಕೊನೆಗೆ ಗಾಯಕಿಯ ಹಾಡು ಎಂದು ಅವರು ಏರ್ಪಾಟು ಮಾಡಿದರು. ದೊಡ್ಡ ಮೇಷ್ಟ್ರ ಪುಸ್ತಕ ಎಷ್ಟು ಪುಟವಾಗುತ್ತದೆ ಎಂದು ಚಿಕ್ಕ ಮೇಷ್ಟ್ರು ವಿಚಾರಿಸಿದರು, ಇನ್ನೊಂದು ಅಧ್ಯಾಯ ಸೇರಿಸಿದರು. ಅದು ತಿಳಿದು ದೊಡ್ಡ ಮೇಷ್ಟ್ರು ಒಂದು ಅನುಬಂಧ ಸೇರಿಸಿದರು. ಪೈಪೋಟಿ ನಿಲ್ಲದೆ ಇದ್ದಾಗ ಯಜಮಾನರು, "ಇಬ್ಬರಿಗೂ ಸಮ, ಒಂದು ಪುಟ ಹೆಚ್ಚಿಲ್ಲ, ಒಂದು ಪುಟ ಕಡಿಮೆ ಇಲ್ಲ" ಎಂದು ಕೈಮುಗಿದರು. ಅದೇ ಕಾಗದ, ಅದೇ ಅಕ್ಷರ, ಅಷ್ಟೇ ಪುಟ. ಪ್ರತಿ ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರು ಹಾಕಿದರೆ ಯಾರ ಹೆಸರು ಉದ್ದ ಎಂಬ ಜಗಳ ಬರುತ್ತದೆಂದು, ಎರಡಕ್ಕೂ ‘ಸಂಗೀತ ವಿಚಾರ’ ಎಂದಷ್ಟೇ ಹಾಕಿಸಿದರು. ಜಗಳ ತಪ್ಪಿಸುವ ಬುದ್ಧಿವಂತಿಕೆಯಿಂದಲೇ ಎಷ್ಟೋ ಅನಾಹುತಗಳು ಹುಟ್ಟುತ್ತವೆ.

ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಕ್ರಮವಾಗಿ ಜೋಡಿಸಿ ಹೊಲಿದರೆ ಪುಸ್ತಕ. ಮೇಜು ಉದ್ದವಿದ್ದರೂ ಎರಡು ಪುಸ್ತಕದ ಫಾರಂಗಳೆಲ್ಲ ಒಟ್ಟಿಗೆ ಹಿಡಿಸದ್ದರಿಂದ ಬೈಂಡರ್ ಪ್ರತಿ ಪುಸ್ತಕವನ್ನೂ ಎರಡು ಅರ್ಧವಾಗಿ ಜೋಡಿಸುತ್ತಿದ್ದ. ಮೊದಲರ್ಧಗಳಿಗೆ ಚೀಟಿ ಅಂಟಿಸಿ ಗೂಡಿನಲ್ಲಿ ಇಟ್ಟಾಯಿತು. ಹಿಂದಿನರ್ಧಗಳನ್ನು ಮೇಜಿನ ಎರಡು ತುದಿಯಲ್ಲಿ ಪೇರಿಸಿದ. ಅವಕ್ಕೂ ಚೀಟಿ ಯಾಕೆ ದಂಡ ಎಂದು, ಎಡಗೈ ಕಡೆ ದೊಡ್ಡ ಮೇಷ್ಟ್ರು, ಬಲಗೈ ಕಡೆ ಚಿಕ್ಕ ಮೇಷ್ಟ್ರು ಎಂದು ಮನಸ್ಸಿನಲ್ಲೇ ಬರೆದುಕೊಂಡ. ಆ ಹೊತ್ತಿಗೆ ಸರಿಯಾಗಿ ರೇಡಿಯೋದಲ್ಲಿ ಗಾಯಕಿಯ ಹಾಡು ಬಂತು.

ಆಕೆ ಒಂದು ಸ್ವರ ಹಿಡಿದು ನಿಂತಳು. ಬೈಂಡರ್ ಕೂಡ ನಿಂತ. ಆಕೆ ಮೇಲೆ ಏರಿದಳು. ಬೈಂಡರ್ ಕಣ್ಣು ಮುಚ್ಚಿ, ಕೈಯಲ್ಲಿ ತಾಳ ಹಾಕುತ್ತ ಮೇಜಿನ ಸುತ್ತ ಹೊರಟ. ತಾಳ ತಪ್ಪಾಗಿತ್ತು, ಭಕ್ತಿ ಸರಿಯಾಗಿತ್ತು. ಹಾಡು ಮುಗಿದು ಕಣ್ಣು ಬಿಟ್ಟಾಗ ಅವನು ಮೇಜಿನ ಆಚೆ ಬದಿಯಲ್ಲಿದ್ದ. ಎಡಗೈ ಮಾತ್ರ ಎಡಗಡೆಯೇ ಇತ್ತು. ಅದನ್ನು ನಂಬಿ ಅವನು ಅರ್ಧಕ್ಕೆ ಅರ್ಧ ಸೇರಿಸಿ ಹೆಂಡತಿಗೆ ಕೊಟ್ಟ. ಅವಳು ಹೊಲಿದಳು. ಅವನು ಅಂಟಿಸಿದ. ಇಷ್ಟು ಚೊಕ್ಕವಾದ ಬೈಂಡಿಂಗನ್ನು ತಾನು ಜನ್ಮದಲ್ಲಿ ಮಾಡಿಲ್ಲ ಎಂದು ಸಂತೋಷಪಟ್ಟ.

ಯಜಮಾನರೂ ಮೆಚ್ಚಿದರು. ವಾದಕ್ಕೆ ತಯಾರಾಗಲೆಂದು ಇಬ್ಬರು ಮೇಷ್ಟ್ರಿಗೂ ಅವರವರ ಪುಸ್ತಕ, ಜೊತೆಗೆ ಎದುರಾಳಿಯ ಪುಸ್ತಕ, ಮುಂಚೆಯೇ ಕಳಿಸಿಕೊಟ್ಟರು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಬೈಂಡರ್‌ನ ಹೆಂಡತಿ ಕಾಫಿ ಕುಡಿಯುತ್ತ, ಮನೆಯಲ್ಲಿ ಉಳಿದಿದ್ದ ಪ್ರತಿಗಳನ್ನು ಸುಮ್ಮನೆ ತಿರುವಿಹಾಕಿದಳು.

"ರೀ, ದೊಡ್ಡ ಮೇಷ್ಟ್ರು ತಮ್ಮನ್ನ ತಾವೇ ಬೈಕೊಂಡಿದಾರಲ್ಲ?"

"ಅದು ಶಾಸ್ತ್ರ ಕಣೇ. ನಿಂಗೆ ತಿಳಿಯಲ್ಲ. ದೊಡ್ಡವರು ಮೊದಲು ಎದುರಾಳಿ ಮಾತು ಹೇಳಿ, ಆಮೇಲೆ ಖಂಡಿಸ್ತಾರೆ."

"ಇಲ್ಲಿ ಮೊದಲು ತಮ್ಮ ಮಾತು ಹೇಳಿ, ಆಮೇಲೆ ಅದನ್ನೇ ಖಂಡಿಸಿದಾರೆ."

"ಅದು ಇನ್ನೂ ದೊಡ್ಡ ಶಾಸ್ತ್ರ."

"‘ನಿಧಾನವಾಗಿ ಹಾಡುವವರ ಸಭೆಗೆ ಹೋಗುವವರು ಹಾಸಿಗೆ ಜೊತೆಗೆ ಒಯ್ಯತಕ್ಕದ್ದು’ ಅಂತ ಬರೆದಿದಾರೆ."

ಬೈಂಡರ್ ಕಾಫಿ ಲೋಟ ಕೆಳಗಿಟ್ಟ. ಹೆಂಡತಿ ಚಿಕ್ಕ ಮೇಷ್ಟ್ರ ಪುಸ್ತಕ ತೆಗೆದಳು. ಅದರ ಕೊನೆಯಲ್ಲಿ, ವೇಗವಾಗಿ ಹಾಡುವವನನ್ನು ಕಂಡರೆ ಸಭಿಕರು ಇವನ ಹಿಂದೆ ನಾಯಿ ಅಟ್ಟಿಸಿಕೊಂಡು ಬಂದಿದೆಯೋ ಎಂದು ತಿರುಗಿ ನೋಡುತ್ತಾರೆ ಎಂದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಮೇಜಿನ ಎಡಗಡೆ ನೋಡಿದಳು, ಬಲಗಡೆ ನೋಡಿದಳು, ರೇಡಿಯೋ ನೋಡಿದಳು. ಹೆಚ್ಚಿಗೆ ಕೇಳುವ ಅಗತ್ಯ ಬೀಳಲಿಲ್ಲ.

"ಹೋಗಿ ಹೇಳಿಬಿಡಿ," ಎಂದಳು.

"ಹೇಳಿದ್ರೆ ನಾಳೆಯಿಂದ ಪ್ರೆಸ್ಸಿನ ಕೆಲಸ ಇಲ್ಲ. ಪುಸ್ತಕ ವಾಪಸ್ ಇಸ್ಕೊಂಡು ಬರ್ತೀನಿ. ಅಂಟು ಇನ್ನೂ ಹಸಿ ಇದೆ ಅಂತ ಹೇಳ್ತೀನಿ."

"ಹಸಿ ಇರೋದು ಅಂಟಲ್ಲ," ಎಂದಳು ಹೆಂಡತಿ.

ದೊಡ್ಡ ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಚಿಕ್ಕ ಮೇಷ್ಟ್ರ ಪುಸ್ತಕ. ಕಣ್ಣಲ್ಲಿ ನೀರು. ಬೈಂಡರ್ ಗೇಟಿನಲ್ಲೇ ನಿಂತ.

"ಬಾರಯ್ಯಾ," ಎಂದರು ಮೇಷ್ಟ್ರು. ಅವರು ಮಾತಾಡುವುದೂ ನಿಧಾನವೇ. ಒಂದು ವಾಕ್ಯ ಮುಗಿಯುವುದರೊಳಗೆ ಎದುರಿನವನು ಎರಡು ಸಲ ಕ್ಷಮೆ ಕೇಳಬಹುದಿತ್ತು. "ಈ ಪುಸ್ತಕ... ಓದಿದೆಯೇನಯ್ಯಾ?"

"ಸ್ವಾಮಿ, ಅದರ ಅಂಟು..."

"ಶತ್ರುವಿನ ಪುಸ್ತಕವನ್ನ ಕೊನೆಯಿಂದ ಓದ್ಬೇಕು. ತೀರ್ಪು ಮೊದಲೇ ಗೊತ್ತಾಗತ್ತೆ. ಹಾಗೇ ಓದಿದೆ. ಇಲ್ಲಿ ಕೇಳು. ‘ಸ್ವರವನ್ನು ಮುಟ್ಟಿ ಓಡುವವನು ಅಂಚೆಯವನು. ಸ್ವರದ ಮನೆಯಲ್ಲಿ ಕೂತು ಮಾತಾಡುವವನು ನೆಂಟ.’ ಆಹಾ! ಎಂಥ ಮಾತು! ಇಂಥದ್ದೊಂದು ಮಾತು ನಂಗೆ ಹೊಳೀಲಿಲ್ಲವಲ್ಲಯ್ಯಾ!"

ಅದು ಅವರದೇ ಮಾತು.

"ಸ್ವಾಮಿ, ನಿಮ್ಮ ಪುಸ್ತಕ ತೆರೆದು ನೋಡಿದ್ರಾ?"

"ನಂದನ್ನ ನಾನ್ಯಾಕೆ ನೋಡ್ಲಿ? ಪ್ರೂಫ್ ತಿದ್ದಿ ತಿದ್ದಿ ವಾಕರಿಕೆ ಬಂದಿದೆ. ಕಪಾಟಿಗೆ ಹಾಕಿ ಬೀಗ ಹಾಕಿದೀನಿ. ಇವನನ್ನ ಇಷ್ಟು ವರ್ಷ ಅವಸರದ ಮನುಷ್ಯ ಅಂದ್ಕೊಂಡಿದ್ದೆ. ತನ್ನ ತಪ್ಪು ಒಪ್ಕೊಳ್ಳೋಕೆ ಎಂಥ ದೊಡ್ಡ ಮನಸ್ಸು ಬೇಕು ನೋಡು. ಈಗ ಮೊದಲಿಂದ ಓದೋಣ ಅಂತ ಕೂತಿದೀನಿ. ಇಂಥವನು ಮೊದಲು ಏನ್ ಹೇಳಿದಾನೋ, ಅದನ್ನೂ ತಿಳ್ಕೋಬೇಕು."

ಬೈಂಡರ್ ಹಿಂದಕ್ಕೆ ಹೆಜ್ಜೆ ಇಟ್ಟ. ಗೇಟಿನ ಬಳಿ ಮೇಷ್ಟ್ರ ಹೆಂಡತಿ ಅವನನ್ನು ತಡೆದು ನಿಲ್ಲಿಸಿದರು. ಆಕೆಯ ಮುಖದ ಸಂತೋಷ ನೋಡಿ ಅವನಿಗೆ ಇನ್ನಷ್ಟು ಭಯವಾಯಿತು.

"ನೀವು ಅದೇನ್ ಪುಸ್ತಕ ಕಟ್ಟಿದ್ರೋ ಕಾಣೆ. ನಮ್ಮನೆಯವರು ಬೆಳಿಗ್ಗೆಯಿಂದ ‘ನಿನ್ನ ತಂಗಿ ಗಂಡ ಊಟಕ್ಕೆ ಬರ್ತಾನೇನೋ ಕೇಳು’ ಅಂತಿದಾರೆ. ನನ್ನ ತಂಗಿ ಮುಂಬಾಗಿಲಿಂದ ಬಂದು ಎಷ್ಟು ವರ್ಷ ಆಯ್ತು ಗೊತ್ತಾ? ನಿಮ್ಮ ಕೈಗೆ ಪುಣ್ಯ ಬರ್ಲಿ."

ಪುಣ್ಯ ಬಂದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬೈಂಡರ್ ಎದುರು ಮನೆಗೆ ಹೋದ. ಅಲ್ಲಿ ಚಿಕ್ಕ ಮೇಷ್ಟ್ರು ಪಡಸಾಲೆಯ ಉದ್ದಕ್ಕೂ ಓಡಾಡುತ್ತಿದ್ದರು. ಕೈಯಲ್ಲಿ ದೊಡ್ಡ ಮೇಷ್ಟ್ರ ಪುಸ್ತಕ. ಅವರು ಮಾತಾಡಿದರೆ ಅಲ್ಪವಿರಾಮಗಳಿಗೂ ಏದುಸಿರು ಬರುತ್ತಿತ್ತು.

"ಬಂದ್ಯಾ ಬಾ ಕೂತ್ಕೋ ಬೇಡ ನಿಂತ್ಕೋ ಕೇಳು! ಭಾವ ನಮ್ಮ ದಾರಿಗೆ ಬಂದ್ರು ಕಣಯ್ಯಾ! ಪೂರ್ತಿ ಬಂದ್ರು! ಅಷ್ಟೇ ಅಲ್ಲ, ನಾನು ಬರೆದ ಮಾತುಗಳನ್ನ ಅಕ್ಷರ ಬಿಡದೆ ಹಾಗ್‌ಹಾಗೇ ಬರೆದಿದಾರೆ. ಪ್ರೂಫ್ ಎಲ್ಲಿ ನೋಡಿದ್ರೋ ಏನೋ. ಬೇರೆಯವರು ಮಾಡಿದ್ರೆ ಕಳ್ಳತನ ಅಂತಿದ್ದೆ. ಭಾವ ಮಾಡಿದ್ರೆ ಅದು ಗೌರವ!"

"ಸ್ವಾಮಿ, ಪುಸ್ತಕ ಒಂದು ದಿನದ ಮಟ್ಟಿಗೆ ವಾಪಸ್..."

"ಪ್ರಾಣ ಬೇಕಾದ್ರೆ ಕೇಳು! ಅವಸರಕ್ಕೆ ಕೊನೆಯಿಂದ ಶುರುಮಾಡ್ದೆ, ಮೊದಲರ್ಧ ಇನ್ನೂ ಓದೋದಿದೆ!"

ಕಿಟಕಿಯ ಹೊರಗೆ ಬೀದಿಯಲ್ಲಿ ಆಗ ಒಂದು ವಿಚಿತ್ರ ನಡೆಯಿತು. ದೊಡ್ಡ ಮೇಷ್ಟ್ರು ಜಗಲಿ ಇಳಿದು, ಗೇಟು ತೆಗೆದು, ರಸ್ತೆ ದಾಟತೊಡಗಿದ್ದರು. ಚಿಕ್ಕ ಮೇಷ್ಟ್ರು ಅದನ್ನು ನೋಡಿ ಚಪ್ಪಲಿ ಕೂಡ ಹಾಕದೆ ಓಡಿದರು. ಭಾವ ಅರ್ಧ ರಸ್ತೆ ದಾಟುವುದರೊಳಗೆ ಇವರು ಅವರ ಮುಂದಿದ್ದರು. ಇಬ್ಬರೂ ಏನೂ ಮಾತಾಡಲಿಲ್ಲ. ದೊಡ್ಡವರು ಚಿಕ್ಕವರ ಭುಜದ ಮೇಲೆ ಕೈ ಇಟ್ಟರು. ಎದುರಿನಿಂದ ಬಂದ ಸೈಕಲ್ಲಿನವನು ಬೆಲ್ಲು ಹೊಡೆಯುವುದನ್ನು ಮರೆತು ಕಂಬಕ್ಕೆ ಗುದ್ದಿದ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಅಕ್ಕತಂಗಿಯರು ಇಬ್ಬರೂ ಮುಂಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬೈಂಡರ್ ಮನೆಗೆ ಬಂದು ಮೇಜಿನ ಕೆಳಗೆ ಕೂತ. ಹೆಂಡತಿ ಬಗ್ಗಿ ನೋಡಿದಳು.

"ಹೇಳಿದ್ರಾ?"

"ಇನ್ನು ಹೇಳಿದ್ರೆ ಹೋಗೋದು ಬರೀ ನಮ್ಮ ಅನ್ನ ಅಲ್ಲ ಕಣೇ. ಎರಡು ಮನೆ ಮತ್ತೆ ಮುರಿಯತ್ತೆ."

"ಹೇಳದೆ ಇದ್ರೆ ನಾಳೆ ವೇದಿಕೆ ಮೇಲೆ ತಾವಾಗೇ ಗೊತ್ತಾಗತ್ತೆ. ಆಗ ನೀವೇ ಬೇಕಂತ ಮಾಡಿ ಆಟ ಆಡಿದ್ರಿ ಅಂತಾರೆ."

ಬೈಂಡರ್ ಮೇಜಿನ ಕೆಳಗೆ ಇನ್ನೂ ಒಂದು ಗೇಣು ಒಳಕ್ಕೆ ಸರಿದ.

ಮರುದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಬಂದದ್ದು ಜಗಳ ನೋಡುವುದಕ್ಕೆ. ವೇದಿಕೆಯ ಮೇಲೆ ಷಡ್ಡಕರು ಅಕ್ಕಪಕ್ಕ ಕೂತು ನಗುತ್ತಿದ್ದದ್ದನ್ನು ಕಂಡು ಹಿಂದಿನ ಸಾಲಿನವರು ತಾವು ಬೇರೆ ಸಭೆಗೆ ಬಂದೆವೇನೋ ಎಂದು ಹೊರಗಿನ ಬೋರ್ಡು ನೋಡಿ ಬಂದರು. ಬೈಂಡರ್ ಹೆಂಡತಿಯ ಪಕ್ಕ ಕೂತು ಬೆವರುತ್ತಿದ್ದ.

ಮೊದಲು ದೊಡ್ಡ ಮೇಷ್ಟ್ರು ಎದ್ದರು. "ನನ್ನ ತಮ್ಮನಂಥವನು ನಿಧಾನವನ್ನ ಒಪ್ಕೊಂಡ. ಅವನಿಗೆ ಇಷ್ಟು ದೊಡ್ಡತನ ಇರೋವಾಗ ನಾನು ಸಣ್ಣವನಾಗಿ ಕೂತ್ಕೊಳ್ಳೋದು ಸರಿಯಲ್ಲ. ಇವತ್ತಿಂದ ನಾನು ವೇಗದ ಪಕ್ಷ."

ಚಿಕ್ಕ ಮೇಷ್ಟ್ರು ಕುರ್ಚಿಯಿಂದ ಜಿಗಿದರು. "ಎಲ್ಲಾದ್ರೂ ಉಂಟೇ ಭಾವ! ನೀವು ವೇಗ ಒಪ್ಪಿದ್ದು ಸಾಕು. ನಾನು ನಿಧಾನದ ಪಕ್ಷ!"

"ಇಲ್ಲಪ್ಪ. ನಿನ್ನ ವೇಗವೇ ಸರಿ."

"ಸಾಧ್ಯವೇ ಇಲ್ಲ! ನಿಮ್ಮ ನಿಧಾನವೇ ಸರಿ!"

"ದೊಡ್ಡವನು ಹೇಳ್ತಿದೀನಿ, ವೇಗ!"

"ಚಿಕ್ಕವನು ಅಂತ ಬಾಯಿ ಮುಚ್ಚಿಸ್ಬೇಡಿ, ನಿಧಾನ!"

ದೊಡ್ಡ ಮೇಷ್ಟ್ರು ಇಷ್ಟು ಬೇಗ ಬೇಗ ಮಾತಾಡಿದ್ದನ್ನು ಅವರ ಹೆಂಡತಿಯೇ ಕೇಳಿರಲಿಲ್ಲ. ಧ್ವನಿ ಏರಿತು. ಮೇಜಿನ ಮೇಲಿನ ನೀರಿನ ಲೋಟ ಉರುಳಿತು. ಜನ ಟಿಕೆಟ್ಟಿನ ದುಡ್ಡು ವಸೂಲಾಯಿತು ಎಂದು ಮುಂದಕ್ಕೆ ಬಾಗಿದರು.

"ಹಾಗಾದ್ರೆ ಓದಿ ತೋರಿಸ್ತೀನಿ!" ಎಂದು ಚಿಕ್ಕ ಮೇಷ್ಟ್ರು ಪುಸ್ತಕ ಕೈಗೆತ್ತಿಕೊಂಡರು. ಬೈಂಡರ್ ಕುರ್ಚಿಯಿಂದ ಅರ್ಧ ಎದ್ದ.

ಯಜಮಾನರು ಓಡಿಬಂದು ನಡುವೆ ನಿಂತರು. "ಆಮೇಲೆ ಓದೋಣ, ಆಮೇಲೆ! ಮೊದಲು ಹಾಡು!" ಎಂದು ಗಾಯಕಿಯ ಕಡೆ ದೈನ್ಯದಿಂದ ನೋಡಿದರು. ಆಕೆ ಇಬ್ಬರು ಗುರುಗಳಿಗೂ ನಮಸ್ಕರಿಸಿ, ಶ್ರುತಿ ಸರಿಮಾಡಿಕೊಂಡು ಶುರುಮಾಡಿದಳು.

ಮೊದಲು ಒಂದೇ ಸ್ವರ. ಅದನ್ನು ಆಕೆ ಎಳೆಯಲೂ ಇಲ್ಲ, ಅಲುಗಿಸಲೂ ಇಲ್ಲ. ಅದರೊಳಗೆ ಸುಮ್ಮನೆ ಕೂತಳು, ಅಷ್ಟೇ. ಸಭಾಂಗಣದಲ್ಲಿ ಕೆಮ್ಮುತ್ತಿದ್ದವರು ಕೆಮ್ಮು ನುಂಗಿಕೊಂಡರು. ನಿಧಾನವಾಗಿ ಒಂದೊಂದೇ ಸ್ವರ ಬಂದು ಪಕ್ಕದಲ್ಲಿ ಸೇರಿತು. ಯಾವಾಗ ಅವು ನಡೆಯತೊಡಗಿದವು, ಯಾವಾಗ ಓಡತೊಡಗಿದವು ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅವು ಎಷ್ಟು ವೇಗವಾಗಿ ಹೋದವೆಂದರೆ ಕೇಳುವವರಿಗೆ ಮೈ ಜುಮ್ಮೆಂದಿತು. ಆದರೆ ಒಂದೊಂದೂ ಮೊದಲಿನಷ್ಟೇ ತುಂಬಿಕೊಂಡು, ಅಷ್ಟೇ ಸಮಾಧಾನವಾಗಿತ್ತು. ಒಂದೇ ಗಂಟಲಲ್ಲಿ ಇಬ್ಬರು ಮೇಷ್ಟ್ರೂ ಕೂತು ಹಾಡಿದ ಹಾಗಿತ್ತು. ಬೈಂಡರ್‌ಗೆ ಸಂಗೀತ ಬಾರದಿದ್ದರೂ ಆ ದಿನ ಅವನ ಕೆನ್ನೆಯ ಮೇಲೆ ನೀರು ಇಳಿಯಿತು, ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಅಂಥ ಹಾಡಿನ ಎದುರು ಸುಳ್ಳು ಇಟ್ಟುಕೊಂಡು ಕೂರುವುದು ಅವನಿಂದ ಆಗಲಿಲ್ಲ.

ಹಾಡು ನಿಂತು, ಚಪ್ಪಾಳೆ ಶುರುವಾಗುವ ಮುಂಚಿನ ಆ ಮೌನದಲ್ಲಿ ಅವನು ಎದ್ದು ವೇದಿಕೆ ಹತ್ತಿದ.

"ತಪ್ಪಾಯ್ತು," ಎಂದ. ಮೈಕು ಬೇಕಾಗಲಿಲ್ಲ. "ಯಾರೂ ಯಾರ ಮಾತನ್ನೂ ಒಪ್ಕೊಂಡಿಲ್ಲ ಸ್ವಾಮಿ. ದೊಡ್ಡ ಮೇಷ್ಟ್ರ ಹಿಂದಿನರ್ಧ ಚಿಕ್ಕ ಮೇಷ್ಟ್ರ ಪುಸ್ತಕಕ್ಕೆ ಹೋಗಿದೆ, ಚಿಕ್ಕ ಮೇಷ್ಟ್ರದು ದೊಡ್ಡೋರ ಪುಸ್ತಕಕ್ಕೆ ಬಂದಿದೆ. ನಾನೇ ಅಂಟಿಸಿದ್ದು. ಈ ತಾಯಿ ರೇಡಿಯೋದಲ್ಲಿ ಹಾಡ್ತಿದ್ರು. ನಾನು ಕಣ್ಮುಚ್ಕೊಂಡು ಮೇಜಿನ ಆಚೆ ಕಡೆ ಹೋಗ್ಬಿಟ್ಟೆ."

ಯಜಮಾನರ ಮುಖ ಕೆಂಪಾಗಿ, ಆಮೇಲೆ ಬಿಳಿಯಾಗಿ, ಮತ್ತೆ ಕೆಂಪಾಯಿತು. ಮುಂದಿನ ಸಾಲಿನಲ್ಲಿ ಅಕ್ಕ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇವತ್ತಿಗೆ ಮುಗೀತು!" ಎಂದು ಯಜಮಾನರು ಗುಡುಗಿದರು. "ನಿನಗೂ ನಮ್ಮ ಪ್ರೆಸ್ಸಿಗೂ..."

ದೊಡ್ಡ ಮೇಷ್ಟ್ರು ಕೈ ಎತ್ತಿದರು. ಆ ಕೈ ಎತ್ತಿದರೆ ಊರಿನಲ್ಲಿ ಯಾರಾದರೂ ಸುಮ್ಮನಾಗಲೇಬೇಕು. ಅವರು ಕೈಯಲ್ಲಿದ್ದ ಚಿಕ್ಕ ಮೇಷ್ಟ್ರ ಪುಸ್ತಕದ ರಟ್ಟನ್ನು ತಿರುಗಿಸಿ ನೋಡಿದರು.

"ಹಾಗಾದ್ರೆ, ಆ ಅಂಚೆಯವನು, ನೆಂಟ... ಅದು ನಾನೇ ಬರೆದದ್ದು."

"ಹೌದು ಸ್ವಾಮಿ."

"ನಂದನ್ನೇ ಓದಿ ನಾನೇ ಅತ್ತೆ."

"ಹೌದು ಸ್ವಾಮಿ. ತಪ್ಪಾಯ್ತು."

ಯಾರೋ ಹಿಂದಿನಿಂದ ನಕ್ಕರು. ಚಿಕ್ಕ ಮೇಷ್ಟ್ರು ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡು, ಮುಖ ತಿರುಗಿಸಿ ಪರದೆ ನೋಡುತ್ತ ಕೂತರು. ಹಳೆಯ ಗೋಡೆ ಮತ್ತೆ ಎದ್ದು ನಿಲ್ಲುವುದನ್ನು ಎಲ್ಲರೂ ಕಂಡರು.

"ಮೊದಲರ್ಧ?" ಎಂದು ಕೇಳಿದರು ದೊಡ್ಡ ಮೇಷ್ಟ್ರು, ಅವಸರವಿಲ್ಲದೆ. "ಮೊದಲರ್ಧ ಯಾರದಯ್ಯಾ?"

"ಅದು ಚಿಕ್ಕ ಮೇಷ್ಟ್ರದೇ ಸ್ವಾಮಿ. ಅದ್ರಲ್ಲಿ ಏನೂ ತಪ್ಪಾಗಿಲ್ಲ. ಅದಕ್ಕೆ ಚೀಟಿ ಅಂಟಿಸಿದ್ದೆ."

ದೊಡ್ಡ ಮೇಷ್ಟ್ರು ಪುಸ್ತಕ ತೆರೆದರು, ಒಂದಿಷ್ಟು ಹಾಳೆ ತಿರುವಿದರು, ಮುಚ್ಚಿದರು. ಆಮೇಲೆ ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಮೆಲ್ಲಗೆ ಹೇಳಿದರು:

"ನಿನ್ನೆ ಅದನ್ನೂ ಓದಿದೆ. ಇಷ್ಟು ವರ್ಷದಲ್ಲಿ ಅವನದು ಒಂದು ಸಾಲೂ ಓದಿರ್ಲಿಲ್ಲ. ನಮ್ಮವನಾದ ಅನ್ನೋ ಪ್ರೀತಿಗೆ ಕೂತು ಓದಿದೆ. ಅದೂ ಚೆನ್ನಾಗಿತ್ತಲ್ಲಯ್ಯಾ."

ಚಿಕ್ಕ ಮೇಷ್ಟ್ರು ಪರದೆಯನ್ನೇ ನೋಡುತ್ತಿದ್ದರು. ಪರದೆಯಲ್ಲಿ ಅಷ್ಟು ಹೊತ್ತು ನೋಡುವಂಥದ್ದೇನೂ ಇರಲಿಲ್ಲ. ಕುರ್ಚಿ ಕಿರ್ರೆಂದಿತು. ಸರಿಸಿದ್ದ ಗೇಣಿನಷ್ಟೂ ಅದು ಹಿಂದಕ್ಕೆ ಬಂತು, ಅದರ ಮೇಲೆ ಇನ್ನೊಂದು ಗೇಣೂ ಬಂತು. ಜನ್ಮದಲ್ಲೇ ಮೊದಲ ಬಾರಿಗೆ ಚಿಕ್ಕ ಮೇಷ್ಟ್ರು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಮಾತಾಡಿದರು.

"ಯಾವ ಪುಟ, ಭಾವ?"

ಎರಡು ತಲೆ ಒಂದು ಪುಸ್ತಕದ ಮೇಲೆ ಬಾಗಿದವು. ಬೈಗುಳಕ್ಕೆ ತಲೆಯೊಡ್ಡಿ ನಿಂತಿದ್ದ ಬೈಂಡರ್‌ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಯಜಮಾನರು ಬಾಯಿ ತೆರೆದದ್ದನ್ನು ನೋಡಿದ ಅಕ್ಕತಂಗಿಯರು ಇಬ್ಬರೂ ಒಟ್ಟಿಗೆ ಅವರನ್ನು ದುರುಗುಟ್ಟಿಕೊಂಡು ನೋಡಿದರು. ಅವರು ತೆರೆದ ಬಾಯಿಯಿಂದ, "ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಬಾ, ಹೊಸ ಕೆಲಸ ಬಂದಿದೆ" ಎಂದಷ್ಟೇ ಹೇಳಿದರು. ಬೈಂಡರ್‌ಗೆ ಕೇಳಿಸಿತೋ ಇಲ್ಲವೋ. ಕೆಳಗಿನಿಂದ ಹೆಂಡತಿ ಅವನ ಅಂಗಿ ಹಿಡಿದು ಎಳೆದಳು.

"ಬನ್ನಿ ಕೂತ್ಕೊಳ್ಳಿ. ಆಯಮ್ಮ ಮತ್ತೆ ಹಾಡ್ತಾರಂತೆ. ಈ ಸಲ ಕಣ್ಣು ಮುಚ್ಕೊಂಡ್ರೂ ಪರವಾಗಿಲ್ಲ."